ಕ್ಲೌಡ್‌ನಲ್ಲಿಟ್ಟ ಲೆಕ್ಕಕ್ಕೆ ಕಾವಲು ಯಾರದು?

"ಕ್ಲೌಡ್ ಎಲ್ಲ ಬೆಂಗಳೂರಿನ ದೊಡ್ಡ ಕಂಪನಿಗಳಿಗೆ, ನಮ್ಮಂಥವರಿಗೆ ಯಾಕೆ?" ಎನ್ನುವ ಮಾತು ಚಿಕ್ಕಮಗಳೂರಿನಲ್ಲಿ ಇವತ್ತಿಗೂ ಕೇಳಿಬರುತ್ತದೆ. ಹೇಳುವವರು ಎಂ.ಜಿ. ರಸ್ತೆಯ ಕಾಫಿ ಪುಡಿ ಅಂಗಡಿಯವರಿರಬಹುದು, ಮೂಡಿಗೆರೆ ಕಡೆಯ ಹೋಂಸ್ಟೇ ಮಾಲೀಕರಿರಬಹುದು, ಬೆಳೆಗಾರರಿಂದ ಚೆರ್ರಿ ಕೊಂಡು ಮಾರುವ ವ್ಯಾಪಾರಿಗಳಿರಬಹುದು. ಅವರ ಒಂದು ದಿನದ ಕೆಲಸ ನೋಡಿ. ಇನ್‌ವಾಯ್ಸ್ ಹೋಗುವುದು ಜಿಮೇಲ್‌ನಿಂದ. ಅತಿಥಿಗಳ ಆಧಾರ್ ಪ್ರತಿ ಬರುವುದು ವಾಟ್ಸಾಪ್‌ಗೆ. ತೋಟದ ಫೋಟೊ, ಬಾಡಿಗೆ ಕರಾರು, ಕಾರ್ಮಿಕರ ಹಾಜರಿಯ ಎಕ್ಸೆಲ್ ಎಲ್ಲ ಗೂಗಲ್ ಡ್ರೈವ್‌ನಲ್ಲಿ. ಬುಕಿಂಗ್ ಬರುವುದು ಆನ್‌ಲೈನ್ ತಾಣಗಳಿಂದ, ದುಡ್ಡು ಬರುವುದು ಯುಪಿಐನಿಂದ. ವ್ಯವಹಾರದ ಅರ್ಧಕ್ಕಿಂತ ಹೆಚ್ಚು ಭಾಗ ಆಗಲೇ ಕ್ಲೌಡ್‌ನಲ್ಲಿದೆ. ಯಾರೂ ಕೂತು ತೀರ್ಮಾನ ಮಾಡಿ ಒಯ್ದದ್ದಲ್ಲ, ತಾನಾಗಿ ಹೋಗಿ ಸೇರಿಕೊಂಡದ್ದು. ಅದಕ್ಕೇ ಅದರ ಕಾವಲಿನ ಬಗ್ಗೆಯೂ ಯಾರೂ ಕೂತು ಯೋಚಿಸಿಲ್ಲ.

ಕ್ಲೌಡ್ ಅಂದರೆ ಬೇರೆಯವರ ಕಂಪ್ಯೂಟರ್‌ಗಳನ್ನು ಇಂಟರ್‌ನೆಟ್ ಮೂಲಕ ಬಾಡಿಗೆಗೆ ಪಡೆಯುವುದು. ಆ ಕಂಪ್ಯೂಟರ್‌ಗಳಿಗೂ ಊರಿದೆ, ಕಟ್ಟಡವಿದೆ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬೈಗಳಲ್ಲಿ ಶುರುಮಾಡಿತ್ತು. ನೀವು ಬಾಡಿಗೆಗೆ ಪಡೆಯುವುದು ಬರಿಯ ಯಂತ್ರವನ್ನಾಗಿರಬಹುದು, ಜಿಮೇಲ್‌ನಂಥ ಸಿದ್ಧ ತಂತ್ರಾಂಶವನ್ನಾಗಿರಬಹುದು. ಈ ವ್ಯತ್ಯಾಸ ಮುಖ್ಯ. ಸಿದ್ಧ ತಂತ್ರಾಂಶವಾದರೆ ಹೆಚ್ಚಿನ ಕೆಲಸ ಅವರದು. ಬರಿಯ ಯಂತ್ರವಾದರೆ ಅದರ ವಿಂಡೋಸ್ ಅಪ್‌ಡೇಟ್ ಕೂಡ ನಿಮ್ಮ ತಲೆಗೇ ಬರುತ್ತದೆ.

ಎರಡರಲ್ಲೂ ಒಂದು ಗೆರೆ ಇದೆ. ಗೆರೆಯ ಆಚೆಗಿನದು ಕಂಪನಿಯ ಹೊಣೆ, ಈಚೆಗಿನದು ನಮ್ಮದು. ನಮ್ಮ ಜಿಲ್ಲೆಯ ಬೆಳೆಗಾರರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಪಾರ್ಚ್‌ಮೆಂಟ್ ಕಾಫಿ ಹಾಕಿ ರಸೀದಿ ತಂದಾಗ ಗೋದಾಮಿನ ಮಾಡು ಸೋರದಂತೆ, ಮೂಟೆಗೆ ತೇವ ಹಿಡಿಯದಂತೆ, ಕಳ್ಳತನ ಆಗದಂತೆ ನೋಡಿಕೊಳ್ಳುವುದು ವರ್ಕ್ಸ್‌ನವರ ಕೆಲಸ. ಆದರೆ ಮಾಲು ಯಾರಿಗೆ ಬಿಡುಗಡೆ ಆಗಬೇಕು ಅಂತ ಚೀಟಿ ಬರೆದು ಸಹಿ ಹಾಕುವುದು ಬೆಳೆಗಾರ. ಸಹಿ ಮಾಡಿದ ಖಾಲಿ ಚೀಟಿಗಳನ್ನು ರೈಟರ್ (ಗುಮಾಸ್ತ) ಮೇಜಿನ ಮೇಲೆ ಬಿಟ್ಟು ಬಂದರೆ ಗೋದಾಮಿನ ಬೀಗ ಎಷ್ಟು ಗಟ್ಟಿ ಇದ್ದರೂ ಮಾಲು ಹೋಗುತ್ತದೆ. ಕ್ಲೌಡ್‌ನಲ್ಲಿ ಆ ಚೀಟಿಯೇ ಪಾಸ್‌ವರ್ಡ್.

2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಗೆ ಆದದ್ದು ಇದೇ. ತಂತ್ರಾಂಶ ಬರೆಯುವವರ ಕೋಡನ್ನು ಜೋಪಾನವಾಗಿ ಇಟ್ಟುಕೊಡುವುದೇ ಅದರ ವ್ಯಾಪಾರ, ಎಲ್ಲವೂ ಅಮೆಜಾನ್ ಕ್ಲೌಡ್‌ನಲ್ಲಿತ್ತು. ಯಾರೋ ಅದರ ನಿಯಂತ್ರಣ ಫಲಕದೊಳಗೆ ನುಗ್ಗಿ ಹಣ ಕೇಳಿದರು. ಕಂಪನಿಯವರು ಪಾಸ್‌ವರ್ಡ್ ಬದಲಾಯಿಸಲು ಹೊರಟಾಗ, ಮೊದಲೇ ಬೇರೆ ಲಾಗಿನ್‌ಗಳನ್ನು ಮಾಡಿಟ್ಟುಕೊಂಡಿದ್ದ ಆತ ಒಂದೊಂದೇ ಅಳಿಸತೊಡಗಿದ. ಹನ್ನೆರಡು ಗಂಟೆಗಳಲ್ಲಿ ಡೇಟಾವೂ ಹೋಯಿತು, ಅದೇ ಖಾತೆಯಲ್ಲಿಟ್ಟಿದ್ದ ಬ್ಯಾಕಪ್‌ಗಳೂ ಬಹುಪಾಲು ಹೋದವು. ಕಂಪನಿ ಬಾಗಿಲು ಹಾಕಿತು. ಅಮೆಜಾನ್‌ನ ಯಾವ ಗೋಡೆಯೂ ಒಡೆದಿರಲಿಲ್ಲ. ಕ್ಲೌಡ್ ಸುರಕ್ಷಿತವೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ. ಅಲ್ಲಿ ಸೋತದ್ದು ಗೆರೆಯ ಈಚೆಗಿನ ಭಾಗ.

ಕೀಲಿ ಯಾರ ಕೈಯಲ್ಲಿದೆ

ನಿಮ್ಮ ಸಂಸ್ಥೆಯ ಇಮೇಲ್ ಖಾತೆ ಯಾರ ಹೆಸರಿನಲ್ಲಿದೆ? ಜಿಎಸ್‌ಟಿ ಪೋರ್ಟಲ್‌ಗೆ ಕೊಟ್ಟಿರುವ ಮೊಬೈಲ್ ನಂಬರ್ ಯಾರದು? ವೆಬ್‌ಸೈಟ್‌ನ ಹೆಸರನ್ನು ಯಾರ ಖಾತೆಯಿಂದ ನೋಂದಾಯಿಸಲಾಗಿದೆ? ಹೋಂಸ್ಟೇಯ ಗೂಗಲ್ ಮ್ಯಾಪ್ ಪುಟದ ಮಾಲೀಕ ಅಂತ ಯಾರಿದ್ದಾರೆ? ನಮ್ಮ ಕಡೆಯ ಸಣ್ಣ ವ್ಯವಹಾರಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರಗಳು ಹೀಗಿರುತ್ತವೆ: ಇಮೇಲ್ ಹಿಂದೆ ಕೆಲಸಕ್ಕಿದ್ದ ಹುಡುಗ ಮಾಡಿಕೊಟ್ಟದ್ದು, ಜಿಎಸ್‌ಟಿ ನಂಬರ್ ಆಡಿಟರ್ ಆಫೀಸಿನದು, ವೆಬ್‌ಸೈಟ್ ಡಿಸೈನ್ ಮಾಡಿದವರ ಹೆಸರಿನಲ್ಲಿದೆ, ಮ್ಯಾಪ್ ಪುಟ ಯಾರದೋ ಗೊತ್ತಿಲ್ಲ. ಇವರೆಲ್ಲ ಒಳ್ಳೆಯವರೇ ಆಗಿರಬಹುದು. ಆದರೆ ಹುಡುಗ ದುಬೈಗೆ ಹೋದ, ಡಿಸೈನರ್ ನಂಬರ್ ಬದಲಾಯಿಸಿದ ಅಂದ ದಿನ ನಿಮ್ಮ ವ್ಯವಹಾರದ ಕೀಲಿ ನಿಮ್ಮ ಹತ್ತಿರ ಇರುವುದಿಲ್ಲ. ಹ್ಯಾಕರ್ ಬರಬೇಕಾಗಿಯೇ ಇಲ್ಲ.

ಆದ್ದರಿಂದ ಮೊದಲ ಕೆಲಸಕ್ಕೆ ದುಡ್ಡು ಬೇಡ, ಒಂದು ನೋಟ್‌ಬುಕ್ ಸಾಕು. ವ್ಯವಹಾರಕ್ಕೆ ಬಳಸುವ ಪ್ರತಿ ಖಾತೆ, ಅದಕ್ಕೆ ಕೊಟ್ಟಿರುವ ಇಮೇಲ್, ಮೊಬೈಲ್, ಅದನ್ನು ತೆರೆಯಬಲ್ಲವರ ಹೆಸರು ಬರೆದುಕೊಳ್ಳಿ. ಪಾಸ್‌ವರ್ಡ್ ಬರೆಯಬೇಡಿ. ಮಾಲೀಕರ ಹೆಸರಿಗೆ ಬರಬೇಕಾದದ್ದನ್ನೆಲ್ಲ ತಂದುಕೊಳ್ಳಿ. ನಾಲ್ಕೈದು ಜನ ಇಮೇಲ್ ಬಳಸುವ ಸಂಸ್ಥೆಯಾದರೆ ಎಲ್ಲರೂ ಒಂದೇ ಉಚಿತ ಜಿಮೇಲ್‌ನ ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ಬಿಟ್ಟು, ಸಂಸ್ಥೆಯ ಹೆಸರಿನಲ್ಲೇ ಹಣ ಕೊಟ್ಟು ಪಡೆಯುವ ಇಮೇಲ್ ಸೇವೆಗೆ ಹೋಗುವುದು ಲೇಸು. ಅಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರುತ್ತದೆ. ಕೆಲಸ ಬಿಟ್ಟವರ ಖಾತೆಯನ್ನು ಅದೇ ಸಂಜೆ ಮುಚ್ಚಬಹುದು, ಅವರು ಬರೆದ ಪತ್ರಗಳು ಸಂಸ್ಥೆಯಲ್ಲೇ ಉಳಿಯುತ್ತವೆ.

ಎರಡನೆಯದು, ಪಾಸ್‌ವರ್ಡ್ ಒಂದನ್ನೇ ನಂಬದಿರುವುದು. ಜಿಎಸ್‌ಟಿಯ ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಪೋರ್ಟಲ್‌ಗಳಲ್ಲಿ ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥ ಇನ್ನೊಂದು ಗುರುತು ಕೇಳುವ ಎರಡು ಹಂತದ ದೃಢೀಕರಣವನ್ನು ದೊಡ್ಡ ವಹಿವಾಟಿನವರಿಂದ ಶುರುಮಾಡಿ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಕಡ್ಡಾಯ ಮಾಡಿದ್ದಾರೆ. ಸರ್ಕಾರ ಹೇಳಿದ ಕಡೆ ಮಾತ್ರ ಇದನ್ನು ಮಾಡಿ, ಇಮೇಲ್‌ಗೆ ಹಾಕದೆ ಬಿಟ್ಟರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಂತೆಯೇ ಸರಿ. ಯಾಕೆಂದರೆ ಉಳಿದೆಲ್ಲ ಖಾತೆಗಳ "ಪಾಸ್‌ವರ್ಡ್ ಮರೆತಿದ್ದೀರಾ?" ಲಿಂಕ್ ಬಂದು ಬೀಳುವುದು ಇಮೇಲ್‌ಗೇ.

ಮಲೆನಾಡಿನವರು ಇಲ್ಲಿ ಒಂದು ನ್ಯಾಯವಾದ ತಕರಾರು ತೆಗೆಯುತ್ತಾರೆ: ತೋಟದ ಮನೆಯಲ್ಲಿ ಸಿಗ್ನಲ್ಲೇ ಸಿಗುವುದಿಲ್ಲ, ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇದಕ್ಕೆ ಪರಿಹಾರ ಇದೆ, ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೆ. ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರು ಅಂಕಿಗಳು ಎಲ್ಲಿಂದಲೂ ಬರುವುದಿಲ್ಲ, ನಿಮ್ಮ ಫೋನೇ ಅದನ್ನು ಲೆಕ್ಕ ಹಾಕುತ್ತದೆ. ಮೊದಲ ದಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಪ್ತ ಸಂಖ್ಯೆ ಫೋನಿಗೆ ಬಂದು ಕೂರುತ್ತದೆ, ಅದೇ ಸಂಖ್ಯೆ ಆ ಕಡೆಯ ಸರ್ವರ್‌ನಲ್ಲೂ ಇರುತ್ತದೆ. ಎರಡೂ ಕಡೆ ಆ ಸಂಖ್ಯೆಯನ್ನು ಆ ಹೊತ್ತಿನ ಗಡಿಯಾರದ ಸಮಯದೊಂದಿಗೆ ಸೇರಿಸಿ 30 ಸೆಕೆಂಡಿಗೊಮ್ಮೆ ಒಂದೇ ಗಣಿತ ಮಾಡುತ್ತವೆ. ಉತ್ತರ ಒಂದೇ ಬರುವುದರಿಂದ ಸರ್ವರ್ ಒಪ್ಪಿಕೊಳ್ಳುತ್ತದೆ. ಹಾಗಾಗಿ ಫೋನಿಗೆ ಸಿಗ್ನಲ್ ಬೇಡ, ಗಡಿಯಾರ ಸರಿ ಇದ್ದರೆ ಸಾಕು. ಲಾಗಿನ್ ಆಗುವ ಕಂಪ್ಯೂಟರ್‌ಗೆ ಬ್ರಾಡ್‌ಬ್ಯಾಂಡ್ ಇದ್ದರೆ ಕೊಪ್ಪದ ಒಳಗಿನ ಹಳ್ಳಿಯಲ್ಲೂ ಕೆಲಸ ಆಗುತ್ತದೆ. ಎಸ್‌ಎಂಎಸ್ ಒಟಿಪಿಗೆ ಇರುವ ಇನ್ನೊಂದು ಅಪಾಯವೂ ಇದಕ್ಕಿಲ್ಲ: ಯಾರಾದರೂ ನಕಲಿ ದಾಖಲೆ ಕೊಟ್ಟು ನಿಮ್ಮ ನಂಬರ್‌ಗೆ ಹೊಸ ಸಿಮ್ ತೆಗೆದರೆ ಎಸ್‌ಎಂಎಸ್ ಅವರಿಗೆ ಹೋಗುತ್ತದೆ, ಆ್ಯಪ್‌ನ ಅಂಕಿ ಹೋಗುವುದಿಲ್ಲ. ಫೋನ್ ಕಳೆದುಹೋದರೆ ಒಳಗೆ ಹೋಗಲು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಮಾತ್ರ ಪ್ರಿಂಟ್ ತೆಗೆದು ಬೀರುವಿನಲ್ಲಿಡಬೇಕು.

ಆದರೂ ಇದು ಪೂರ್ತಿ ಕವಚವಲ್ಲ. ನಕಲಿ ಪುಟವೊಂದು ನಿಮ್ಮಿಂದ ಪಾಸ್‌ವರ್ಡ್ ಮತ್ತು ಆರು ಅಂಕಿ ಎರಡನ್ನೂ ಕೇಳಿ, ಅದೇ ಕ್ಷಣದಲ್ಲಿ ಅಸಲಿ ಪುಟಕ್ಕೆ ದಾಟಿಸಬಲ್ಲದು. ಪಾಸ್‌ಕೀ ಎಂಬ ಹೊಸ ವಿಧಾನದಲ್ಲಿ ಕೀಲಿ ಅಸಲಿ ವಿಳಾಸಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ನಕಲಿ ಪುಟ ಕಣ್ಣಿಗೆ ಎಷ್ಟೇ ಅಸಲಿಯಂತೆ ಕಂಡರೂ ಫೋನ್ ಮೋಸ ಹೋಗುವುದಿಲ್ಲ. ನಿಮ್ಮ ಇಮೇಲ್ ಸೇವೆಯಲ್ಲಿ ಆ ಸೌಲಭ್ಯ ಇದ್ದರೆ ಮಾಲೀಕರ ಖಾತೆಗಾದರೂ ಹಾಕಿಕೊಳ್ಳಿ.

ಇಮೇಲ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಬ್ಬ ಕಾಫಿ ರಫ್ತುದಾರರನ್ನು ಊಹಿಸಿಕೊಳ್ಳಿ, ಇಟಲಿಯ ಖರೀದಿದಾರನೊಂದಿಗೆ ವ್ಯವಹಾರವೆಲ್ಲ ಇಮೇಲ್‌ನಲ್ಲೇ. ಇಮೇಲ್‌ನೊಳಗೆ ಸೇರಿಕೊಂಡ ಕಳ್ಳ ಏನನ್ನೂ ಮುಟ್ಟುವುದಿಲ್ಲ, ವಾರಗಟ್ಟಲೆ ಓದುತ್ತಾ ಕೂರುತ್ತಾನೆ. ಯಾವಾಗ ಕಂಟೇನರ್ ಹೋಗುತ್ತದೆ, ಯಾವಾಗ ದುಡ್ಡು ಬರಬೇಕು ಅಂತ ತಿಳಿದುಕೊಳ್ಳುತ್ತಾನೆ. ಸರಿಯಾದ ದಿನ, ಹಳೆಯ ಪತ್ರದ ಕೆಳಗೇ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬರೆಯುತ್ತಾನೆ. ಖರೀದಿದಾರನ ಉತ್ತರ ನಿಮ್ಮ ಕಣ್ಣಿಗೆ ಬೀಳದಂತೆ ಒಂದು ಫಿಲ್ಟರ್ ಹಾಕಿಟ್ಟಿರುತ್ತಾನೆ. ಇಲ್ಲಿ ವೈರಸ್ ಇಲ್ಲ, ಆ್ಯಂಟಿವೈರಸ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ತಿಂಗಳಿಗೊಮ್ಮೆ ಇಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ನೀವು ಹಾಕದ ಫಿಲ್ಟರ್ ಅಥವಾ ಫಾರ್ವರ್ಡಿಂಗ್ ವಿಳಾಸ ಇದೆಯೇ ಎಂದು ನೋಡಿ. ಬ್ಯಾಂಕ್ ಖಾತೆ ಬದಲಾವಣೆಯ ಮಾತು ಯಾವ ಕಡೆಯಿಂದ ಬಂದರೂ, ಪತ್ರದಲ್ಲಿರುವ ನಂಬರ್‌ಗಲ್ಲ, ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಿ.

ಸಿಂಕ್ ಬೇರೆ, ಬ್ಯಾಕಪ್ ಬೇರೆ

"ಎಲ್ಲ ಡ್ರೈವ್‌ನಲ್ಲಿದೆ, ಬ್ಯಾಕಪ್ ಆಗಿದೆ" ಎನ್ನುವ ನಂಬಿಕೆ ಅಪಾಯಕಾರಿ. ಡ್ರೈವ್‌ನಂಥ ಸೇವೆಗಳು ಮಾಡುವುದು ಸಿಂಕ್, ಅಂದರೆ ಈ ಕಡೆ ಆದದ್ದನ್ನು ಆ ಕಡೆಯೂ ಮಾಡುವುದು. ಈ ಕಡೆ ಫೈಲ್ ಅಳಿಸಿದರೆ ಆ ಕಡೆಯೂ ಅಳಿಯುತ್ತದೆ, ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಹೋಗುತ್ತದೆ. ರಾನ್ಸಮ್‌ವೇರ್ ಬಂದಾಗ ಇದು ಸರಿಯಾಗಿ ಅರ್ಥವಾಗುತ್ತದೆ. ಆ ತಂತ್ರಾಂಶ ನಿಮ್ಮ ಫೈಲ್‌ಗಳನ್ನು ಕದಿಯಬೇಕೆಂದೇನಿಲ್ಲ, ಅವುಗಳನ್ನು ಗೂಢಲಿಪಿಯಾಗಿ ಬದಲಾಯಿಸಿ ಬಿಡಿಸುವ ಕೀಲಿಗೆ ಹಣ ಕೇಳುತ್ತದೆ. ಕಂಪ್ಯೂಟರ್‌ನ ಫೈಲ್ ಬದಲಾದ ಕೂಡಲೇ ಸಿಂಕ್ ತನ್ನ ಕರ್ತವ್ಯ ಮಾಡಿ, ಹಾಳಾದ ಫೈಲನ್ನೇ ಮೇಲಕ್ಕೂ ಕಳಿಸುತ್ತದೆ. ಹಳೆಯ ಆವೃತ್ತಿಗಳು ಕೆಲವು ದಿನ ಸಿಗುತ್ತವೆ ನಿಜ. ಆದರೆ ಸಾವಿರಾರು ಫೈಲ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ತರುವುದು ಹೇಗೆಂದು ಲೆಕ್ಕ ಹಾಕಿ.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತನ್ನೆಲ್ಲ ಆವರಿಸಿದಾಗ, ಅದು ನುಗ್ಗಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ತೇಪೆ, ಅಂದರೆ ಸರಿಪಡಿಸುವ ಅಪ್‌ಡೇಟ್, ಕೊಟ್ಟಿತ್ತು. ಹಾಕಿಕೊಳ್ಳದವರ ಯಂತ್ರಗಳು ಬಿದ್ದವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಬಿಲ್ಲಿಂಗ್ ನಡೆಸುತ್ತಿರುವ ಅಂಗಡಿಗಳು ಹಾಸನ, ಚಿಕ್ಕಮಗಳೂರು ಎರಡೂ ಕಡೆ ಇವೆ. ಇನ್ನು ತಂತ್ರಾಂಶವನ್ನು ದುಡ್ಡು ಕೊಡದೆ ಕ್ರ್ಯಾಕ್ ಮಾಡಿ ಹಾಕಿಸಿಕೊಂಡವರು, ಅದನ್ನು ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಲು ಹೇಳಿದ್ದು ಯಾಕೆಂದು ಒಮ್ಮೆ ಯೋಚಿಸಬೇಕು.

ಬ್ಯಾಕಪ್‌ಗೆ ಜಗತ್ತಿನಾದ್ಯಂತ ಒಪ್ಪಿರುವ ಸೂತ್ರ 3-2-1. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಬೇರೆ ಜಾಗ ಯಾಕೆ ಎನ್ನುವುದಕ್ಕೆ 2021ರ ಮಾರ್ಚ್ 10ರ ರಾತ್ರಿ ಉತ್ತರ ಸಿಕ್ಕಿತು. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರಲ್ಲಿ ಕೆಲವರಿಗೆ ಏನೂ ಉಳಿಯಲಿಲ್ಲ. ನಮ್ಮ ಪಕ್ಕದ ಹಾಸನದಲ್ಲೇ ಒಳ್ಳೆಯ ಮಾದರಿ ಇದೆ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಎಂಸಿಎಫ್ 1982ರಿಂದ ಹಾಸನದಲ್ಲಿದೆ. 2005ರಲ್ಲಿ ಅಂಥದೇ ಇನ್ನೊಂದು ಕೇಂದ್ರವನ್ನು ಇಸ್ರೋ ಭೋಪಾಲದಲ್ಲಿ ಕಟ್ಟಿತು, ಹಾಸನದ ಇನ್ನೊಂದು ಬಡಾವಣೆಯಲ್ಲಲ್ಲ.

ನಮ್ಮ ಅಳತೆಗೆ ಇದನ್ನು ಇಳಿಸಿದರೆ ಹೀಗಾಗುತ್ತದೆ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯ ಅಸಲಿ ಡೇಟಾ ಅಂಗಡಿಯ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ. ಸಂಜೆ ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದಲೇ ತೆಗೆದದ್ದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಎರಡನೆಯದು. ಪಾಸ್‌ವರ್ಡ್ ಹಾಕಿ ಮುಚ್ಚಿ ಕ್ಲೌಡ್‌ಗೆ ಏರಿಸಿದ್ದು ಮೂರನೆಯದು. ಕೆಲಸ ಮುಗಿದ ಮೇಲೆ ಹಾರ್ಡ್‌ಡಿಸ್ಕನ್ನು ಕಂಪ್ಯೂಟರ್‌ನಿಂದ ಕಿತ್ತಿಡಿ. ಚುಚ್ಚಿಕೊಂಡೇ ಇದ್ದರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಟ್ಯಾಲಿಯ ಡೇಟಾ ಫೋಲ್ಡರನ್ನೇ ನೇರವಾಗಿ ಡ್ರೈವ್‌ಗೆ ಸಿಂಕ್ ಹಾಕುವವರಿದ್ದಾರೆ, ಅದನ್ನು ಮಾಡಬೇಡಿ. ತೆರೆದಿರುವ ಫೈಲ್‌ಗಳು ಬದಲಾಗುತ್ತಿರುವಾಗಲೇ ಪ್ರತಿ ತೆಗೆದರೆ ಅರ್ಧ ಹೊಸದು ಅರ್ಧ ಹಳೆಯದು ಸೇರಿ ಯಾವುದಕ್ಕೂ ಬಾರದ ಪ್ರತಿಯಾಗಬಹುದು. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಹಾಗಾಗಿ ವರ್ಷಾಂತ್ಯದ ಒಂದು ಪ್ರತಿಯನ್ನು ಬೇರೆಯಾಗಿಯೇ ತೆಗೆದಿಡಿ. ಎಲ್ಲಕ್ಕಿಂತ ಮುಖ್ಯ, ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರ್‌ನಲ್ಲಿ ಆ ಬ್ಯಾಕಪ್ಪನ್ನು ಬಿಚ್ಚಿ, ನಿನ್ನೆಯ ಬಿಲ್ ಕಾಣುತ್ತದೆಯೇ ಎಂದು ನೋಡಿ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬೇರೆಯವರ ಮಾಹಿತಿ ನಮ್ಮ ಮನೆಯಲ್ಲಿ

ಹೋಂಸ್ಟೇಗಳ ವಾಟ್ಸಾಪ್‌ನಲ್ಲಿ ಎಷ್ಟು ಜನರ ಆಧಾರ್ ಇದೆಯೋ! ವಾರಾಂತ್ಯಕ್ಕೆ ಬಂದು ಹೋದವರ ಗುರುತಿನ ಚೀಟಿ ವರ್ಷಾನುಗಟ್ಟಲೆ ಫೋನಿನ ಗ್ಯಾಲರಿಯಲ್ಲಿ, ಅಲ್ಲಿಂದ ತಾನಾಗಿ ಗೂಗಲ್ ಫೋಟೋಸ್‌ನಲ್ಲಿ, ಅಡುಗೆ ಮನೆಯ ಹುಡುಗನ ಫೋನಿನಲ್ಲಿ ಕೂಡ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನು ಆಧಾರ್ ಕೊಡುವ ಯುಐಡಿಎಐ ತಾನೇ ಒದಗಿಸುತ್ತದೆ. ಅದನ್ನೇ ಕಳಿಸಿ ಎಂದು ಬುಕಿಂಗ್ ಸಂದೇಶದಲ್ಲೇ ಕೇಳಬಹುದು.

ಕಾಫಿ ವ್ಯಾಪಾರಕ್ಕೂ ಈಗ ಇಂಥದೊಂದು ಹೊರೆ ಬಂದಿದೆ. ಕಾಡು ಕಡಿದು ಬೆಳೆದ ಉತ್ಪನ್ನ ತನ್ನ ಮಾರುಕಟ್ಟೆಗೆ ಬಾರದಿರಲೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಲ್ಲಿ ಕಾಫಿಯೂ ಇದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಾ ಬಂದಿದ್ದರೂ ಅದರ ತಿರುಳು ಬದಲಾಗಿಲ್ಲ: ಕಾಫಿ ಬೆಳೆದ ಜಮೀನು ಎಲ್ಲಿದೆ ಎನ್ನುವ ಅಕ್ಷಾಂಶ ರೇಖಾಂಶ ಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ತೋಟದ ಗಡಿಯೇ ಬೇಕು. ಅಂದರೆ ನೂರಾರು ಸಣ್ಣ ಬೆಳೆಗಾರರ ಹೆಸರು, ಫೋನ್, ತೋಟದ ನಕ್ಷೆ ಒಬ್ಬ ವ್ಯಾಪಾರಿಯ ಎಕ್ಸೆಲ್ ಫೈಲ್‌ಗೆ ಬಂದು ಸೇರುತ್ತದೆ. ಆ ಫೈಲನ್ನು "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಎಂದು ಹಂಚುವುದು ಆ ಬೆಳೆಗಾರರಿಗೆ ಮಾಡುವ ಅನ್ಯಾಯ. ನೋಡಬೇಕಾದವರ ಇಮೇಲ್ ಹೆಸರಿಸಿಯೇ ಹಂಚಿ.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಆ ಮೊತ್ತ ಇರುವುದು ದೊಡ್ಡ ಸಂಸ್ಥೆಗಳನ್ನು ಕಣ್ಣಲ್ಲಿಟ್ಟುಕೊಂಡು, ಅದನ್ನು ನೋಡಿ ಸಣ್ಣವರು ಬೆದರಬೇಕಾಗಿಲ್ಲ. ಗಮನಿಸಬೇಕಾದದ್ದು ಕಾನೂನು ಗೆರೆ ಎಳೆದಿರುವ ಜಾಗ. ಅತಿಥಿಯ ಮಾಹಿತಿ ಪಡೆದವರು ನೀವು, ಅದನ್ನು ಇಡಲು ನೀವು ಬೇರೆ ಕಂಪನಿಯನ್ನು ನೇಮಿಸಿಕೊಂಡಿದ್ದರೂ ಅತಿಥಿಗೆ ಉತ್ತರ ಕೊಡಬೇಕಾದವರು ನೀವೇ.

ಇನ್ನು ಹೊಡೆತ ಬಿದ್ದೇ ಬಿಟ್ಟರೆ? ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವುದು ಆ ಸಹಾಯವಾಣಿಯ ಕೆಲಸ, ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ. ಕಂಪ್ಯೂಟರ್‌ಗೆ ರಾನ್ಸಮ್‌ವೇರ್ ಬಂದಿದ್ದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ, ಪರದೆಯ ಫೋಟೊ ತೆಗೆಯಿರಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ, ಸಾಕ್ಷ್ಯ ಅಳಿಯುತ್ತದೆ. ಪಾಸ್‌ವರ್ಡ್‌ಗಳನ್ನು ಆ ಯಂತ್ರದಿಂದಲ್ಲ, ಬೇರೆ ಯಂತ್ರದಿಂದ ಬದಲಾಯಿಸಿ. ಇಂಥ ಘಟನೆಗಳನ್ನು ಕಂಪನಿಗಳು ತಿಳಿದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ.

ಹಾಗಾದರೆ ಎಲ್ಲವನ್ನೂ ಕ್ಲೌಡ್‌ಗೆ ಒಯ್ಯಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್, ನೆಟ್ ಎರಡೂ ಇಲ್ಲದ ದಿನಗಳು ಶೃಂಗೇರಿ, ಮೂಡಿಗೆರೆ ಕಡೆಯವರಿಗೆ ಹೊಸದಲ್ಲ. ಅಂಥಲ್ಲಿ ಬಿಲ್ಲಿಂಗ್ ಸ್ಥಳೀಯ ಯಂತ್ರದಲ್ಲೇ ಯುಪಿಎಸ್ ಮೇಲೆ ನಡೆಯಲಿ, ಬ್ಯಾಕಪ್ ಮಾತ್ರ ನೆಟ್ ಬಂದಾಗ ಏರಲಿ. ಇಮೇಲ್, ಕರಾರುಪತ್ರ, ಫೋಟೊ ಇವು ಕ್ಲೌಡ್‌ನಲ್ಲಿರುವುದೇ ಲೇಸು, ಅಂಗಡಿಯ ಒಂದು ಹಳೆಯ ಹಾರ್ಡ್‌ಡಿಸ್ಕ್‌ಗಿಂತ ಅವರ ಕಟ್ಟಡಗಳು ನಿಸ್ಸಂಶಯವಾಗಿ ಗಟ್ಟಿ. ಎರಡು ಮೂರು ಊರುಗಳಲ್ಲಿ ಶಾಖೆ ಇದ್ದು ಒಂದೇ ಲೆಕ್ಕ ಬೇಕೆನ್ನುವವರಿಗೆ ಕ್ಲೌಡ್‌ನ ಟ್ಯಾಲಿ ಅನುಕೂಲ.

ಆದರೆ ಆ ಸೇವೆ ಕೊಡುವವರನ್ನು ನೋಡಿ ಆರಿಸಬೇಕು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಗೆ ರಾನ್ಸಮ್‌ವೇರ್ ದಾಳಿಯಾದಾಗ, ಅದನ್ನು ನೆಚ್ಚಿಕೊಂಡಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳ ಯುಪಿಐ, ಎಟಿಎಂ ವಹಿವಾಟು ನಿಂತಿತು. ಸೋಂಕು ಹರಡದಿರಲೆಂದು ಯುಪಿಐ ಜಾಲ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನು ತಾತ್ಕಾಲಿಕವಾಗಿ ತನ್ನ ಜಾಲದಿಂದ ಬೇರ್ಪಡಿಸಬೇಕಾಯಿತು. ಬ್ಯಾಂಕ್‌ಗಳು ತಾವಾಗಿ ಏನೂ ತಪ್ಪು ಮಾಡಿರಲಿಲ್ಲ.

ಕ್ಲೌಡ್ ಟ್ಯಾಲಿ ಮಾರುವವರಲ್ಲಿ ಹೆಚ್ಚಿನವರು ಮಾಡುವುದು, ಒಂದು ವಿಂಡೋಸ್ ಸರ್ವರನ್ನು ಬಾಡಿಗೆಗೆ ಪಡೆದು ಅದನ್ನು ಹಲವು ಗ್ರಾಹಕರಿಗೆ ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ತೆರೆದಿಡುವುದು. ಅವರನ್ನು ಕೇಳಿ: ಸರ್ವರ್ ಭಾರತದಲ್ಲಿದೆಯೇ, ಯಾವ ಊರಿನಲ್ಲಿ? ರಿಮೋಟ್ ಡೆಸ್ಕ್‌ಟಾಪ್ ಬಾಗಿಲು ಇಂಟರ್‌ನೆಟ್‌ಗೆ ನೇರ ತೆರೆದಿದೆಯೇ, ವಿಪಿಎನ್ ಎಂಬ ಖಾಸಗಿ ದಾರಿಯ ಒಳಗಿದೆಯೇ? ನೇರ ತೆರೆದಿದ್ದರೆ ಆ ಬಾಗಿಲನ್ನು ಜಗತ್ತಿನ ಮೂಲೆಮೂಲೆಯಿಂದ ಸ್ವಯಂಚಾಲಿತ ತಂತ್ರಾಂಶಗಳು ಹಗಲೂ ರಾತ್ರಿ ತಟ್ಟುತ್ತಿರುತ್ತವೆ. ಬ್ಯಾಕಪ್ ಅದೇ ಸರ್ವರ್‌ನಲ್ಲೋ, ಬೇರೆ ಕಡೆಯೋ? ನನ್ನ ಕಂಪನಿಯ ಡೇಟಾ ಪಕ್ಕದ ಗ್ರಾಹಕನಿಗೆ ಕಾಣದಂತೆ ಏನು ಮಾಡಿದ್ದೀರಿ? ನಾಳೆ ನಾನು ನಿಮ್ಮ ಸೇವೆ ಬಿಟ್ಟರೆ ಡೇಟಾವನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಕೊಡುತ್ತೀರಿ, ನಿಮ್ಮ ಹತ್ತಿರ ಉಳಿದ ಪ್ರತಿಯನ್ನು ಯಾವಾಗ ಅಳಿಸುತ್ತೀರಿ? ಇಷ್ಟಕ್ಕೂ ಉತ್ತರವನ್ನು ಬಾಯಿಮಾತಿನಲ್ಲಲ್ಲ, ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.